ನಾಯಿಗೆ ಸ್ಕ್ಯಾನ್ ಮಾಡಿಸಿದ ಭಾನುವಾರ

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿಲ್ಲ, ಆಧಾರ್ ಕಾರ್ಡಿನಲ್ಲಿ ಇದ್ದದ್ದನ್ನೇ ಹಿಡಿದು ಹೇಳುತ್ತೇನೆ.

ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ಹೈಸ್ಕೂಲಿನಲ್ಲಿ ಟೀಚರು. ಗಂಡನನ್ನು ಬಿಟ್ಟು ಬಂದವಳು, ಮಕ್ಕಳಿಲ್ಲ. ಒಂದು ಬಿಳಿ ನಾಯಿ ಸಾಕಿದ್ದಳು. ರಾತ್ರಿ ಅವಳ ಮಗ್ಗುಲಲ್ಲೇ ಮಲಗುತ್ತಿತ್ತು. ನನಗೂ ಅದರ ಮೇಲೆ ಪ್ರೀತಿ ಇತ್ತೆಂದು ಸುಳ್ಳು ಹೇಳುವುದಿಲ್ಲ. ಮನೆ ತುಂಬ ಕೂದಲು ಉದುರಿಸುತ್ತಿತ್ತು, ಕಸ ಹೊಡೆಯುವವಳು ನಾನು. ಆದರೆ ಮಗಳು ಶಾಲೆಗೆ ಹೋದ ಮೇಲೆ ಅದಕ್ಕೆ ತಿನ್ನಲು ಹಾಕುವವಳೂ ನಾನೇ.

ವರ್ಷ ತುಂಬಿದರೂ ನಾಯಿ ಬೆಕ್ಕಿನಷ್ಟೇ ಇತ್ತು. ಮೊಟ್ಟೆ ತಿಂದ ದಿನ ಜೊಲ್ಲು ಸುರಿಸುತ್ತ, ಕುಡಿದವರಂತೆ ಸುತ್ತು ಹೊಡೆದು, ಗೋಡೆಗೆ ಹಣೆ ಒತ್ತಿ ನಿಂತುಬಿಡುತ್ತಿತ್ತು. ಓಣಿಯವರು ಗಾಳಿ ಸೋಕಿದೆ ಎಂದರು. ರಾಯಚೂರಿನ ದನದ ಡಾಕ್ಟರಮ್ಮ, ಇನ್ನೂ ಸಣ್ಣ ವಯಸ್ಸಿನವಳು, ರಕ್ತ ತೆಗೆದು ನೋಡಿ ಬೇರೆಯೇ ಹೇಳಿದಳು.

"ಯವ್ವಾ, ಕಾಲುವಿ ನೀರು ಹೊಲಕ್ಕ ಹೋಗಬೇಕಲ್ರಿ? ನಡುವ ಒಡ್ಡು ಒಡದು ಸೀದಾ ಹಳ್ಳಕ್ಕ ಹೊಂಟ್ರ ಹೆಂಗ? ಇದಕ್ಕೂ ಹಂಗ ಆಗ್ಯಾದ. ಕರುಳಿನ ರಕ್ತ ಲಿವರಿಗೆ ಹೋಗಿ ಸ್ವಚ್ಛ ಆಗವಲ್ದು. ಹೊಲಸು ಹಂಗೇ ತಲಿಗೆ ಏರಾಕತ್ತದ."

ಆ ಒಡ್ಡು ಎಲ್ಲಿ ಒಡೆದಿದೆಯೆಂದು ಕಾಣಬೇಕಾದರೆ, ರಕ್ತನಾಳಗಳನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ಔಷಧಿ ಏರಿಸಿ ಸಿ.ಟಿ. ಸ್ಕ್ಯಾನ್ ಮಾಡಬೇಕು. ಜಾಗ ಗೊತ್ತಾದರೆ ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಆ ನಾಳವನ್ನು ಕಟ್ಟಿಬಿಡಬಹುದು, ಇಲ್ಲದಿದ್ದರೆ ನಾಯಿ ಉಳಿಯುವುದಿಲ್ಲ. ಅಲ್ಲಿ ಸ್ಕ್ಯಾನಿಗೆ ಸರದಿ ಬಹಳ ದೂರವಿತ್ತು. ಡಾಕ್ಟರಮ್ಮ ರಾಯಚೂರಿನಲ್ಲೇ ಮನುಷ್ಯರ ಸ್ಕ್ಯಾನ್ ಸೆಂಟರಿನವರನ್ನು ಕಾಡಿ ಬೇಡಿ ಒಪ್ಪಿಸಿದಳು. ಭಾನುವಾರ ಬೆಳಿಗ್ಗೆ, ರೋಗಿಗಳು ಬರುವ ಮುಂಚೆ, ಒಂದು ತಾಸು. ಅದೂ ಒಂದೇ ಸಲ.

"ಶನಿವಾರ ರಾತ್ರಿಯಿಂದ ಏನೂ ಹಾಕಬ್ಯಾಡ್ರಿ. ಮತ್ತಿನ ಔಷಧ ಕೊಡ್ತೀವಿ. ಹೊಟ್ಯಾಗ ಕೂಳಿದ್ರ ವಾಂತಿ ಆಗಿ ಉಸಿರಿನ ಕೊಳವಿಗೆ ಇಳಿತದ" ಎಂದಿದ್ದಳು.

ನಾನೂ ಅಲ್ಲೇ ಇದ್ದೆ. ಕೇಳಿಸಲಿಲ್ಲ ಎನ್ನುವ ನೆಪ ನನಗಿಲ್ಲ.

ದೇವದುರ್ಗದ ಕಡೆ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಮಗಳನ್ನು ಓದಿಸಿದವಳು ನಾನು. ಬರೀ ಹೊಟ್ಟೆಯಲ್ಲಿ ಕೂಲಿಗೆ ಬಂದು ಸಾಲಿನಲ್ಲೇ ಬಿದ್ದ ಹೆಂಗಸರನ್ನು ನೆರಳಿಗೆ ಎಳೆದು ಹಾಕಿದ್ದೇನೆ. ಮನೆಯಿಂದ ಹೊರಡುವ ಯಾರನ್ನೂ ತಿನ್ನಿಸದೆ ಕಳಿಸಿದವಳಲ್ಲ. ಭಾನುವಾರ ನಸುಕಿನಲ್ಲಿ ಮಗಳು ಜಳಕಕ್ಕೆ ಹೋದಾಗ ನಾಯಿ ನನ್ನ ಕಾಲ ಬಳಿ ಬಂದು ಕೂತಿತು. ಇಷ್ಟು ಸಣ್ಣ ಜೀವ, ಸೂಜಿ ತಡೆಯಬೇಕಲ್ಲ ಅಂದುಕೊಂಡೆ. ಒಂದು ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಹಾಕಿದೆ. ತಿಂದಿತು. ತಟ್ಟೆ ತೊಳೆದಿಟ್ಟೆ.

ರಾಯಚೂರಿನಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ಅದು.

"ಏನರ ತಿನ್ಸೀರೇನ್ರಿ ಅಕ್ಕಾರ?"

"ಇಲ್ರಿ" ಎಂದಳು ಮಗಳು.

"ಯವ್ವಾ, ನೀವು?"

"ಇಲ್ಲ" ಎಂದೆ. ಹೂಂ ಅಂದರೆ ವಾಪಸ್ ಕಳಿಸುತ್ತಿದ್ದರು, ಇನ್ನೊಂದು ಭಾನುವಾರ ಸಿಗುತ್ತಿರಲಿಲ್ಲ. ಮಗಳ ಬಾಯಿಗೂ ಅಂಜಿದೆ.

ಮತ್ತಿನ ಔಷಧಿ ಕೊಟ್ಟು, ಗಂಟಲಿಗೆ ನಳಿಗೆ ಇಳಿಸಿ, ಮನುಷ್ಯರು ಮಲಗುವ ಹಲಗೆಯ ಮೇಲೆ ಅದನ್ನು ಮಲಗಿಸಿದರು. ಮಷೀನಿನವನು ಗಾಜಿನ ಈಚೆ ಕೂತು ಚಾಷ್ಟಿಗೆ ಇಳಿದ.

"ಮುಂದಿನ ವಾರ ಎಮ್ಮಿ ತರ್ತೀರೇನ್ರಿ ಮೇಡಂ? ಬಾಗಲಾ ಅಗಲ ಮಾಡಸ್ತೀನಿ."

"ನೀ ಸುಮ್ನ ಬಟನ್ ಒತ್ತಪಾ."

ಔಷಧಿ ಏರಿದ ಕೂಡಲೇ ಪರದೆಯ ಮೇಲೆ ನಾಳಗಳು ಬೆಳ್ಳಗೆ ಕವಲೊಡೆದು ಮೂಡಿದವು. ಡಾಕ್ಟರಮ್ಮ ಬೆರಳಿಟ್ಟಳು. "ಇಲ್ಲದ ನೋಡ್ರಿ! ಒಂದ ನಾಳ ದಾರಿ ತಪ್ಪ್ಯಾದ, ಅದೂ ಲಿವರಿನ ಹೊರಗ. ಕಟ್ಟಬಹುದು. ನಿಮ್ಮ ನಾಯಿ ಬದುಕ್ತದ ಅಕ್ಕಾರ."

ಮಗಳು ನನ್ನ ಕೈ ಹಿಡಿದು ಅತ್ತಳು. ಗಂಡನ ಮನೆಯಿಂದ ಬಂದ ದಿನವೂ ಅವಳು ಅತ್ತಿರಲಿಲ್ಲ.

ಎಚ್ಚರವಾಗುತ್ತಿದೆಯೆಂದು ನಳಿಗೆ ತೆಗೆದರು. ನಾಯಿ ಕಾರಿಕೊಂಡಿತು. ಡಾಕ್ಟರಮ್ಮ ಅದರ ತಲೆ ಕೆಳಗೆ ಮಾಡಿ ಬಾಯಿಗೆ ಬೆರಳು ಹಾಕಿ ಎಳೆದಳು. ಬೆರಳ ತುಂಬ ರೊಟ್ಟಿ. ಪೈಪು ಹಾಕಿ ಹೀರಿದರು, ಆಕ್ಸಿಜನ್ ಕೊಟ್ಟರು. ನಾಲಗೆ ನೀಲಿಯಾಯಿತು. ಅವಳ ದವಾಖಾನೆಗೆ ಹೊತ್ತೊಯ್ದರು. ಮಧ್ಯಾಹ್ನದೊಳಗೆ ಸತ್ತಿತು.

"ರೊಟ್ಟಿ ಬಂದದ ಅಕ್ಕಾರ. ಯಾರೋ ತಿನ್ಸ್ಯಾರ" ಎಂದಳು ಡಾಕ್ಟರಮ್ಮ.

"ಸುಳ್ಳ ಹೇಳಬ್ಯಾಡ! ಏನೋ ಔಷಧ ಏರಿಸಿ ಕೊಂದು ಈಗ ನಮ್ಮ ಮ್ಯಾಲ ಹಾಕ್ತಿ? ಮನ್ಯಾಗ ಇರಾವ್ರು ನಾನು, ನಮ್ಮವ್ವ, ಇಬ್ರ." ಮಗಳು ನನ್ನ ಕಡೆ ತಿರುಗಿದಳು. "ಯವ್ವಾ, ನೀ ಏನರ ಹಾಕಿದ್ದೇನು?"

"ಇಲ್ಲ" ಎಂದೆ, ಎರಡನೆಯ ಸಲ.

ಡಾಕ್ಟರಮ್ಮ ನನ್ನನ್ನೇ ನೋಡಿದಳು. ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡಳು.

ನಾಯಿಯನ್ನು ತಂದು ಮಾನ್ವಿಯ ಮನೆಯ ಹಿತ್ತಲಲ್ಲಿ ಹೂಳಿದೆವು. ಗುಂಡಿ ತೋಡಿದವಳು ನಾನು. ಸಂಜೆ ಮಗಳು ಡಾಕ್ಟರಮ್ಮನ ಮೇಲಿನ ಸಾಹೇಬರಿಗೆ ಅರ್ಜಿ ಬರೆದು ನನಗೆ ಓದಿ ಹೇಳಿದಳು: "ರಾತ್ರಿಯಿಂದ ನಾಯಿಗೆ ಏನನ್ನೂ ಕೊಟ್ಟಿರುವುದಿಲ್ಲ. ಇದಕ್ಕೆ ನನ್ನ ತಾಯಿ ಸಾಕ್ಷಿ."

"ಸಹಿ ಮಾಡು ಯವ್ವಾ. ಆಕಿ ಇನ್ನೊಮ್ಮಿ ಸೂಜಿ ಹಿಡೀಬಾರದು, ಹಂಗ ಮಾಡ್ತೀನಿ."

"ಕಣ್ಣು ಕಾಣವಲ್ದು. ನಾಳಿ ಮಾಡ್ತೀನಿ" ಎಂದೆ.

ಮರುದಿನ ಬೆಳಿಗ್ಗೆ ಮಗಳು ಚಹಾಕ್ಕೆ ನೀರಿಟ್ಟಿದ್ದಳು. ನಾನು ಚಾಳೀಸಿನ ಕನ್ನಡಕ ಹಾಕಿಕೊಂಡು ಆ ಕಾಗದ ಹಿಡಿದು ಕೂತೆ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಒಂದೊಂದನ್ನೇ ಕೂಡಿಸಿ ಓದಬೇಕು. ಸಾಕ್ಷಿ ಎಂದು ಬರೆದ ಜಾಗ ಸಿಕ್ಕಿತು. ಅದರ ಕೆಳಗೆ ಬರೆದೆ: ನಸುಕಿನಾಗ ರೊಟ್ಟಿ ಹಾಕಿದಾಕಿ ನಾನು. ಡಾಕ್ಟರ್ ಕೇಳಿದಾಗ ಇಲ್ಲ ಅಂದೆ. ಸಹಿ ಮಾಡಿ, ಅಡುಗೆಮನೆಗೆ ಹೋಗಿ ಮಗಳ ಕೈಗೆ ಕೊಟ್ಟೆ.