ಟೇಪಿನ ಪಟ್ಟಿಯಲ್ಲಿದ್ದ ನನ್ನ ದನಿ

ನನ್ನ ಹಳೇ ದನಿ ಉಳಿಯಿತು. ಉಳಿಸಿದವಳು ಮೊಮ್ಮಗಳು. ಸಿಕ್ಕವರಿಗೆಲ್ಲ ಹೇಳಿ ಮುಗಿಸಿ ಈಗ ಬರೆಯುತ್ತಿದ್ದೇನೆ.

ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಯಜಮಾನರದು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ತೊಂಬತ್ತರ ದಶಕದ ಶುರುವಿನಲ್ಲಿ ಯಾದವಗಿರಿಯ ಬಂಗಲೆಯೊಂದರಿಂದ ವಿಲಾಯಿತಿ ಪೆಟ್ಟಿಗೆಯೊಂದನ್ನು ತಂದರು. ನೋಡಲು ಹಾರ್ಮೋನಿಯಂನ ದೊಡ್ಡಣ್ಣ. ಬೆರಳಿಟ್ಟು ಒತ್ತುವ ಅದರ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಒತ್ತಿದರೆ ಪಟ್ಟಿ ಓಡಿ, ಅದರಲ್ಲಿ ತುಂಬಿಟ್ಟ ಪಿಟೀಲೋ ಕೊಳಲೋ ಕೇಳುತ್ತದೆ. ಪಟ್ಟಿ ಮುಗಿದರೆ ಸದ್ದೂ ಮುಗಿಯಿತು. ಬೆರಳೆತ್ತಿದರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆದುಕೊಳ್ಳುತ್ತದೆ.

ಪಟ್ಟಿಗಳೆಲ್ಲ ಬೂಷ್ಟು ಹಿಡಿದಿದ್ದವು. ಹೊಸವು ಹಾಕಿ, ನನ್ನ ದನಿಯನ್ನೇ ತುಂಬಲು ಕೂರಿಸಿದರು. ಸೋಬಾನೆಗೆ ಮೊಹಲ್ಲಾದವರೆಲ್ಲ ಕರೆಯುತ್ತಿದ್ದ ಗಂಟಲು. ಒಂದೊಂದು ಸ್ವರಕ್ಕೂ ಉಸಿರಿರುವ ತನಕ ‘ಆ’ ಎಂದು ಎಳೆದು, ಕೊನೆಗೆ ‘ಸಾಕೇನ್ರೀ?’ ಅನ್ನುತ್ತಿದ್ದೆ. ಅದೂ ಪಟ್ಟಿ ಪಟ್ಟಿಯಲ್ಲೂ ಸೇರಿಹೋಯಿತು. ಬೆರಳೆತ್ತುವುದು ತುಸು ತಡವಾದರೆ ದೇವರನಾಮದ ನಡುವೆ ‘ಸಾಕೇನ್ರೀ?’

“ಅಳಿಸಿ, ಇನ್ನೊಂದ್ಸಲ ಹಾಡ್ತೀನಿ” ಅಂದೆ.

“ಇರ್ಲಿ ಬುಡು. ದಿನಾ ಊಟಕ್ಕೆ ಬಡಿಸ್ವಾಗ ಕೇಳೋದೇ ಅಲ್ವಾ” ಎಂದರು.

ಎರಡು ಸಾವಿರದ ಇಸವಿ ದಾಟಿ ರಾಮಕೃಷ್ಣನಗರಕ್ಕೆ ಬರುವ ಹೊತ್ತಿಗೆ ನನ್ನ ಗಂಟಲು ಒಡೆದಿತ್ತು. ಪಟ್ಟಿಗಳೂ ತುಂಡಾಗುತ್ತ ಒಂದೇ ಒಂದು ಉಳಿದಿತ್ತು. ಗಣೇಶನ ಪೆಂಡಾಲಿನಲ್ಲಿ ಮೊದಲ ಸಲ ನುಡಿಸಲಿದ್ದ ಮೊಮ್ಮಗಳು ತನ್ನ ಡಿಜಿಟಲ್ ಕೀಬೋರ್ಡು ತಂದಳು.

“ಇದ್ರೊಳಕ್ಕೆ ಒಂದ್ಸಲ ತುಂಬ್ಕೊಂಡ್ರೆ ಆಯ್ತಜ್ಜಿ. ಒಂದೇ ದನೀಲಿ ಎಲ್ಲಾ ಮನೇನೂ ನುಡಿಸ್ಬೋದು. ಸವೆಯಲ್ಲ, ಹರಿಯಲ್ಲ.”

“ತುಂಬ್ಕೊಳ್ಳೋಕೆ ಮುಂಚೆ ಈ ಪಟ್ಟೀನೇ ಹರಿದ್ರೆ?” ಅಂದೆ.

ಮೊಮ್ಮಗಳು ಕೀಬೋರ್ಡಿನ ಮೈಕನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. ಯಜಮಾನರು ಪಟ್ಟಿಯನ್ನು ಹತ್ತಿಯಲ್ಲಿ ಒರೆಸಿ, ಫ್ಯಾನು ನಿಲ್ಲಿಸಿ, ಮನೆ ಒತ್ತಿದರು. ಮೊದಲು ಗೊರಗೊರ. ಆಮೇಲೆ ನನ್ನ ದನಿ, ತುಂಬಿದ ಕೊಡದ ಹಾಗೆ. ಕೊನೆಗೆ ‘ಸಾಕೇನ್ರೀ?’ ಬೆರಳೆತ್ತಿದರು. ಸ್ಪ್ರಿಂಗು ಎಳೆದ ರಭಸಕ್ಕೆ ಪಟ್ಟಿ ಟಪ್ಪೆಂದು ತುಂಡಾಯಿತು.

ಮೊಮ್ಮಗಳು ಕೀಬೋರ್ಡು ಒತ್ತಿ ನೋಡಿದಳು. ಇದ್ದೆ, ಪೂರ್ತಿ ಇದ್ದೆ. ಮೇಲಿನ ಮನೆಗಳಲ್ಲಿ ಮಾತ್ರ ಅಳಿಲಿನ ಹಾಗೆ ಕೀಚಲು.

“ಆ ಕೊನೇದು ಕತ್ತರಿಸ್ಲಾ ತಾತ? ಆಗ ಎಷ್ಟೊತ್ತು ಬೇಕಾದ್ರೂ ಒತ್ತಿ ಹಿಡೀಬೋದು.”

“ಅದನ್ನ ಕತ್ತರಿಸಿದ್ರೆ ಇವಳೇ ಅಲ್ಲ ಕಣಮ್ಮ.”

ಪೆಂಡಾಲಿನಲ್ಲಿ ಅವಳು ಕೊನೆಯ ಸ್ವರವನ್ನು ಬೇಕೆಂದೇ ಒತ್ತಿ ಹಿಡಿದಳು. ಮೈಕಿನಲ್ಲಿ ಬಡಾವಣೆಗೆಲ್ಲ ಕೇಳುವಂತೆ ನಾನು ಕೇಳಿದೆ: ‘ಸಾಕೇನ್ರೀ?’

ಜನ ನಕ್ಕರು. ಪಕ್ಕದ ಕುರ್ಚಿಯಲ್ಲಿದ್ದ ಯಜಮಾನರು ವೇದಿಕೆಯನ್ನೇ ನೋಡುತ್ತ, “ಎಲ್ಲಿ ಸಾಕು” ಎಂದರು.