ಗೋಧಿಯಿಲ್ಲದ ಕುಬಸ

ನನ್ನ ತಂಗಿ ಇನ್ನು ಮೇಲೆ ಗೋಧಿ ಮುಟ್ಟಬಾರದು ಎಂದು ಕಲಬುರಗಿಯ ಡಾಕ್ಟರು ಹೇಳಿದಾಗ ಅವಳು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ವರ್ಷಗಟ್ಟಲೆ ಅವಳಿಗೆ ಹೊಟ್ಟೆನೋವು, ಭೇದಿ, ಮೈಯಲ್ಲಿ ರಕ್ತವಿಲ್ಲ ಎಂಬ ದೂರು. ಕಂಡಕಂಡವರು ಬರೆದುಕೊಟ್ಟ ಟಾನಿಕ್ಕು ಕುಡಿದದ್ದೇ ಬಂತು. ಕೊನೆಗೆ ಗಂಟಲಲ್ಲಿ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ಪರೀಕ್ಷಿಸಿದ ಮೇಲೆ ವಿಷಯ ತಿಳಿಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಅವಳ ಕರುಳನ್ನು ಕೆಡಿಸುತ್ತಿತ್ತು. ಚಪಾತಿ, ರವೆ, ಮೈದಾ, ಶಾವಿಗೆ, ಬಿಸ್ಕೀಟು ಎಲ್ಲವೂ ಬಂದ್, ಅದೂ ಜೀವನಪೂರ್ತಿ.

"ಜ್ವಾಳದ ರೊಟ್ಟಿ ತಿಂದೇ ಬೆಳದೀನ್ರಿ, ಅದನ್ನೇ ತಿಂದು ಇರ್ತೀನಿ ಬಿಡ್ರಿ" ಎಂದಳು ಡಾಕ್ಟರಿಗೆ, ಏನೋ ಸಣ್ಣ ರಿಯಾಯಿತಿ ಸಿಕ್ಕವಳ ಹಾಗೆ.

ಅವಳು ಹಾಗೆ, ನಾನು ಹೀಗೆ. ಅವ್ವ ತೀರಿಕೊಂಡ ಮೇಲೆ ಅವಳ ಪಾಲಿನ ಚಿಂತೆಯನ್ನೂ ನಾನೇ ಮಾಡುತ್ತ ಬಂದಿದ್ದೇನೆ. ಅವಳನ್ನು ಕಮಲಾಪುರಕ್ಕೆ ಕೊಟ್ಟಿದೆ. ಬಸ್ಸು ಹತ್ತಿದರೆ ದೂರವೇನಲ್ಲ. ಆದರೆ ಇನ್ನೊಬ್ಬರ ಅಡುಗೆಮನೆ ಎಂಬುದು ಎಷ್ಟು ಹತ್ತಿರವಿದ್ದರೂ ದೂರವೇ.

ಗೋಧಿ ಬಿಟ್ಟು ಕೆಲವು ತಿಂಗಳಾದರೂ ಅವಳ ಹೊಟ್ಟೆನೋವು ನಿಲ್ಲಲಿಲ್ಲ. ಒಂದು ಭಾನುವಾರ ನೋಡಲು ಹೋದಾಗ ಅವಳ ಅತ್ತೆ ನನ್ನನ್ನು ಒಳಗೆ ಕರೆದರು. ಮಾತು ಕಡಿಮೆ, ಆಡಿದರೆ ನೇರ, ಅಂಥ ಹೆಂಗಸು.

"ಅಕ್ಕಾರ, ಅಕಿ ತಾಟಿಗಿ ನಾ ಗೋಧಿ ಸೋಕಸಂಗಿಲ್ಲ. ಆದ್ರೂ ದಿನಾ ಹೊಟ್ಟಿ ಹಿಡ್ಕೊಂಡು ಕೂಡ್ತಾಳ. ಇದು ಮನಸಿನ ಬ್ಯಾನಿ ಇರಬೇಕ್ರಿ."

ನನಗೆ ಸಿಟ್ಟು ಬಂತು. ಜಗಳವಾಡುವ ಹಾಗಿರಲಿಲ್ಲ, ಸುಮ್ಮನೆ ಕೂಡಲೂ ಆಗಲಿಲ್ಲ. ಅವರ ಅಪ್ಪಣೆ ಕೇಳಿ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಖಾರ, ಅರಿಶಿನ, ಕಡಲೆಹಿಟ್ಟು. ಇಂಗಿನ ಪುಟ್ಟ ಡಬ್ಬಿ ಕೈಗೆ ಬಂದಾಗ ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿದೆ. ಅಂಟು, ಎಣ್ಣೆ, ಗೋಧಿ ಹಿಟ್ಟು.

"ಬ್ಯಾಳಿಗಿ ದಿನಾ ಇದೇ ಇಂಗು ಹಾಕ್ತೀರೇನ್ರಿ?"

ಅವರು ಚಷ್ಮಾ ತಂದು, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿ ಓದಿದರು. "ಇಂಗನ್ಯಾಗ ಗೋಧಿ ಹಿಟ್ಟು ಯಾಕ ಬೆರಸ್ತಾರವ್ವ?" ಎಂದರು. ಆಮೇಲೆ ಕಟ್ಟೆಗೆ ಒರಗಿ ನಿಂತು, ತಮ್ಮಷ್ಟಕ್ಕೆ, "ದಿನಾ ನನ್ನ ಕೈಲೇ ಹಾಕೀನಲ್ಲ" ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಜೋಳ ಬೀಸುವ ಗಿರಣಿಯಲ್ಲೇ ಗೋಧಿಯನ್ನೂ ಬೀಸುತ್ತಾರೆ ಎಂಬುದು ಬಸ್ಸಿನಲ್ಲಿ ಮರಳುವಾಗ ಹೊಳೆಯಿತು. ಸೀಟಿನಿಂದಲೇ ಫೋನು ಮಾಡಿದೆ. ಅಂದಿನಿಂದ ಆ ಮನೆಯಲ್ಲಿ ತಂಗಿಯ ಜೋಳ ಮಿಕ್ಸರಿನಲ್ಲಿ ಪುಡಿಯಾಗಿ, ಹೊಸ ಜರಡಿಯಲ್ಲಿ ಇಳಿದು ರೊಟ್ಟಿಯಾಗತೊಡಗಿತು. ನಿಧಾನವಾಗಿ ಅವಳ ಕೆನ್ನೆ ತುಂಬಿಕೊಂಡಿತು. ಮುಂದಿನ ವರ್ಷ ಬಸುರಿಯಾದಳು.

ಕುಬಸಕ್ಕೆ ತವರಿನಿಂದ ಬುತ್ತಿ ಹೋಗಬೇಕು. ಹಸಿರು ಸೀರೆ, ಹಸಿರು ಬಳೆ ತೊಡಿಸಿ ಕೂರಿಸಿದ ಬಸುರಿಗೆ ಬಂದ ಹೆಂಗಸರೆಲ್ಲ ಒಂದೊಂದು ತುತ್ತು ಬಾಯಿಗಿಡುತ್ತಾರೆ. ನನಗೆ ಭಯ ಹುಟ್ಟಿಸಿದ್ದು ಅದೇ. ನಮ್ಮ ಕಡೆ ಬುತ್ತಿ ಎಂದರೆ ಹೂರಣದ ಹೋಳಿಗೆ, ಕರ್ಚಿಕಾಯಿ, ರವೆ ಉಂಡೆ. ಎಲ್ಲ ಗೋಧಿಯ ಬಳಗ. ಅವಳಿಗೊಂದು ಬೇರೆ ಡಬ್ಬಿ ಮಾಡಿದರೆ ಯಾರು ಯಾವುದರಿಂದ ತೆಗೆದು ತಿನ್ನಿಸುತ್ತಾರೆ ಎಂದು ಕಾಯುವವರು ಯಾರು? ಇಡೀ ಬುತ್ತಿಯನ್ನೇ ಗೋಧಿಯಿಲ್ಲದೆ ಮಾಡುವುದೆಂದು ನಿಶ್ಚಯಿಸಿದೆ.

ನಮ್ಮ ಮನೆ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಆ ತಿಂಗಳು ನನ್ನ ಅಡುಗೆಮನೆಯಲ್ಲಿ ಒಲೆ ಆರಲಿಲ್ಲ. ಅಕ್ಕಿ ಹಿಟ್ಟಿನ ಕಣಕದಲ್ಲಿ ಹೋಳಿಗೆ ಮಾಡಹೋದೆ, ತಟ್ಟುವ ಮೊದಲೇ ಹರಿದು ಹೂರಣ ಹೊರಗೆ ಇಣುಕಿತು. ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಟ್ಟು ಕೊಬ್ಬರಿಯೆಲ್ಲ ಸುಟ್ಟು ಕರಿಯಾಯಿತು. ಕಮಲಾಪುರದ ಕೆಂಪು ಬಾಳೆಹಣ್ಣಿನ ಹಲ್ವ ಗಟ್ಟಿಯಾಗಲಿಲ್ಲ. ಕೆಟ್ಟದ್ದನ್ನೆಲ್ಲ ತಿಂದವರು ನನ್ನ ಗಂಡ. ಒಂದು ಸಂಜೆ ತಾಟು ಪಕ್ಕಕ್ಕೆ ಸರಿಸಿ, "ಕುಬಸ ಅಕಿದು, ಹೊಟ್ಟಿ ಬೆಳ್ಯಾಕತ್ತಿದ್ದು ನಂದು" ಎಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಕಚೇರಿಯಲ್ಲಿ ಕೂತರೂ ಮನಸ್ಸು ಒಲೆಯ ಮುಂದೆಯೇ. ಹಿಟ್ಟು ಯಾಕೆ ಕೂಡುವುದಿಲ್ಲ, ಎಣ್ಣೆ ಹೊಸದಿತ್ತೋ ಇಲ್ಲವೋ, ಲಟ್ಟಣಿಗೆಯ ಸಂದಿಯಲ್ಲಿ ಹಳೆಯ ಗೋಧಿ ಹಿಟ್ಟು ಉಳಿದಿದ್ದರೆ?

ನನ್ನ ಪೇಚಾಟ ಗೋಡೆಯಾಚೆಗೂ ಕೇಳಿಸಿರಬೇಕು. ಪಕ್ಕದ ಮನೆಯ ಖಾಲಾ ಒಂದು ಮಧ್ಯಾಹ್ನ ಬಂದು ನಿಂತರು. ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ನನ್ನನ್ನೂ ಪಾಠ ತಪ್ಪಿದ ಹುಡುಗಿಯಂತೆಯೇ ನೋಡುತ್ತಾರೆ.

"ಅಕ್ಕಿ ಹಿಟ್ಟಿಗಿ ತಣ್ಣೀರು ಹಾಕಿದ್ರ ಅದು ನಿನ್ನ ಮಾತು ಯಾಕ ಕೇಳ್ತದ ಬೇಟಾ? ಕುದಿಯೋ ನೀರ್ನಾಗ ಹಾಕಿ ತಿರುವು. ಮುಚ್ಚಿಡು. ಜರಾ ಸಬರ್ ಕರ್."

ತಾಳ್ಮೆ, ಅದೂ ನನಗೆ. ಆದರೂ ಹಾಗೆಯೇ ಮಾಡಿದೆ. ಕುದಿಯುವ ನೀರಿಗೆ ಉಪ್ಪು, ಒಂದು ಚಮಚ ತುಪ್ಪ, ಮೇಲೆ ಅಕ್ಕಿ ಹಿಟ್ಟು. ಉರಿ ಆರಿಸಿ ಮುಚ್ಚಿಟ್ಟು, ಬಿಸಿಯಿದ್ದಾಗಲೇ ನಾದಿದೆ. ಹಿಟ್ಟು ಬೆಣ್ಣೆಯಂತೆ ಕೈಗೆ ಬಂತು. ಹೋಳಿಗೆಯ ಹಟ ಬಿಟ್ಟು ಅದೇ ಹೂರಣ ತುಂಬಿ ಕಡುಬು ಮಡಚಿದೆ, ಹಬೆಯಲ್ಲಿ ಬೇಯಿಸಿದೆ. ಒಂದೂ ಒಡೆಯಲಿಲ್ಲ. ಖಾಲಾ ಒಂದನ್ನು ಮುರಿದು ತಿಂದು, ಇನ್ನೊಂದನ್ನು ಸೆರಗಿನಲ್ಲಿಟ್ಟುಕೊಂಡು ಹೋದರು.

ಕುಬಸದ ಬೆಳಿಗ್ಗೆ ನಾನು, ನನ್ನ ಗಂಡ ಬುತ್ತಿ ಹೊತ್ತು ಬಸ್ಸು ಹತ್ತಿದೆವು. ಕಡುಬು, ಶೇಂಗಾ ಉಂಡೆ, ಎಳ್ಳುಂಡೆ, ಅಕ್ಕಿ ಚಕ್ಕುಲಿ, ಮನೆಯಲ್ಲೇ ಕಡಲೆಬೇಳೆ ಪುಡಿ ಮಾಡಿ ಕರಿದ ಖಾರದ ಶೇವು, ಜೊತೆಗೆ ಆ ಹಲ್ವ. ಹಲ್ವ ಅಂದೂ ಗಟ್ಟಿಯಾಗಿರಲಿಲ್ಲ. ಪ್ರತಿ ಹೊಂಡಕ್ಕೂ ನಾನು ಡಬ್ಬಿಯ ಮುಚ್ಚಳ ಮುಟ್ಟಿ ನೋಡುತ್ತಿದ್ದೆ.

ಮನೆ ತುಂಬ ಹೆಂಗಸರು. ತಂಗಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತು ಬಂದವರೆಲ್ಲರಿಗೂ ನಗೆ ಹಂಚುತ್ತಿದ್ದಳು. ಬುತ್ತಿ ಬಿಚ್ಚಿದೆವು, ಆರತಿಯಾಯಿತು. ಒಬ್ಬೊಬ್ಬರೇ ಬಂದು ನಮ್ಮ ಡಬ್ಬಿಯಿಂದಲೇ ತೆಗೆದು ಅವಳ ಬಾಯಿಗಿಟ್ಟರು. ನಾನು ಪ್ರತಿ ಕೈಯನ್ನೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದೆ. ಅಷ್ಟರಲ್ಲಿ ಯಾರೋ ಊಟದ ಎಲೆಯ ಬಗ್ಗೆ ಕೇಳಿದರೆಂದು ಬಾಗಿಲ ತನಕ ಹೋದೆ. ತಿರುಗಿ ನೋಡಿದಾಗ ತಂಗಿಯ ಮಾವನವರ ಸೋದರತ್ತೆ, ಎಲ್ಲರೂ ಎದ್ದು ನಿಲ್ಲುವಂಥ ಹಿರಿಯಾಕೆ, ಬಟ್ಟಲು ಹಿಡಿದು ತಂಗಿಯ ಮುಂದೆ ಕೂತಿದ್ದರು. ಬಟ್ಟಲಲ್ಲಿ ಗೋಧಿ ಹುಗ್ಗಿ.

"ನಮ್ಮ ಮನ್ಯಾಗ ಹುಗ್ಗಿ ಉಣ್ಣದ ಯಾವ ಕುಬಸನೂ ಆಗಿಲ್ಲ. ಬಾಯಿ ತೆಗಿಯವ್ವ, ಒಂದು ತುತ್ತಿಗಿ ಏನಾಗ್ತದ?"

ನಡುವೆ ಇಷ್ಟು ಜನ, ಮಕ್ಕಳು, ತಾಟುಗಳು. ಕೂಗಿದೆನೋ ಇಲ್ಲವೋ ನನಗೇ ನೆನಪಿಲ್ಲ. ತಂಗಿ ಬಾಯಿ ತೆರೆದಳು. ಬೇಡ ಎನ್ನಲೋ, ಹಿರಿಯರ ಮಾತು ಮೀರಲಾಗದೆಯೋ, ಇಂದಿಗೂ ಅವಳು ಸರಿಯಾಗಿ ಹೇಳುವುದಿಲ್ಲ. ತುತ್ತು ತುಟಿಯ ಹತ್ತಿರ ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ಅತ್ತೆ ತಟ್ಟನೆ ತಮ್ಮ ಅಂಗೈಯಿಂದ ಸೊಸೆಯ ಬಾಯಿ ಮುಚ್ಚಿದರು. ಹುಗ್ಗಿ ಅವರ ಕೈಯ ಹಿಂಭಾಗಕ್ಕೆ ಬಡಿದು ಸೆರಗಿಗೆ ಬಿತ್ತು.

ಹೆಂಗಸರೆಲ್ಲ ಅತ್ತ ತಿರುಗಿದರು.

"ಅತ್ತಿಯವರ, ಅಕಿಗಿ ಇದು ವಿಷರೀ. ಇಷ್ಟ ದಿನ ನಾ ತಿಳೀದ ಹಾಕಿದ್ದು ಸಾಕು" ಎಂದರು ಅವರು. ಆಮೇಲೆ ಮುಖ ಮುಂದೆ ಚಾಚಿ, "ನಿಮ್ಮ ಹುಗ್ಗಿ ನನಗ ತಿನಸ್ರಿ" ಎಂದು ತಾವೇ ಬಾಯಿ ತೆರೆದರು.

ಹಿರಿಯಾಕೆಯ ಮುಖ ಬಿಗಿದಿತ್ತು. ಮರುಕ್ಷಣ ಒಂದು ದೊಡ್ಡ ತುತ್ತು ತೆಗೆದು ಅವರ ಬಾಯಿಗೆ ತುರುಕಿದರು. ಯಾರೋ ಕಿಸಕ್ಕನೆ ನಕ್ಕರು, ಮತ್ತೆ ಎಲ್ಲರೂ ನಕ್ಕರು. ತಂಗಿಯ ಅತ್ತೆ ಎದ್ದು ಹೋಗಿ ಸೀರೆ ಬದಲಿಸಿ, ಸಾಬೂನಿನಿಂದ ಕೈ ತೊಳೆದು ಬಂದೇ ಸೊಸೆಯ ಪಕ್ಕ ಕೂತರು. ಹಿರಿಯಾಕೆಗೆ ನಾನೇ ಕಡುಬು ಬಡಿಸಿದೆ. ತಿಂದರು, ಹೊಗಳಲಿಲ್ಲ. "ಹಲ್ವ ಯಾಕ ನೀರಾಗ್ಯಾದ?" ಎಂದು ಮಾತ್ರ ಕೇಳಿದರು.

ಆ ದಿನ ತಂಗಿ ಯಾವ ಡಬ್ಬಿಯ ಬಗ್ಗೆಯೂ ಕೇಳದೆ, ಓದದೆ, ನಮ್ಮ ಬುತ್ತಿಯಲ್ಲಿ ಕೈಗೆ ಬಂದದ್ದೆಲ್ಲ ತಿಂದಳು. ನನಗೆ ಕಲಬುರಗಿಗೆ ಬಂದ ಮೇಲೂ ಸಮಾಧಾನವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಫೋನು ಹಚ್ಚಿದೆ.

"ಹೊಟ್ಟಿ ನೋಯ್ತದೇನ?"

"ಹೂಂ ಅಕ್ಕಾ, ನೋಯ್ಲಾಕತ್ತದ."

ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ನಾನು ಗಡಿಯಾರ ನೋಡಿದೆ.

"ಕಡುಬು ಭಾಳ ತಿಂದೀನಿ" ಎಂದು ನಕ್ಕಳು.

ಹೆಣ್ಣುಮಗು ಹುಟ್ಟಿತು. ಈಗ ಅಂಬೆಗಾಲಿಡುತ್ತದೆ. ಈ ಕಾಯಿಲೆ ತಾಯಿಯಿಂದ ಮಗುವಿಗೂ ಬರಬಹುದು, ಬರದೆಯೂ ಇರಬಹುದು, ಕಾದು ನೋಡಬೇಕು ಎಂದಿದ್ದಾರೆ ಡಾಕ್ಟರು. ಹೋದ ವಾರ ಕಮಲಾಪುರದಲ್ಲಿ ಅದನ್ನೇ ಮತ್ತೆ ಮತ್ತೆ ಕೇಳಿ ತಂಗಿಯ ತಲೆ ತಿಂದೆ. ಮಗುವಿಗೆ ಗೋಧಿಯ ರುಚಿ ಯಾವಾಗ ತೋರಿಸುವುದು, ಏನಾದರೂ ಆದರೆ ಹೇಗೆ ಗೊತ್ತಾಗುವುದು. ಅವಳು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಒಳಗೆ ಹೋದಳು. ಮಗು ನನ್ನ ಬೆರಳು ಹಿಡಿದು ನಿದ್ದೆ ಮಾಡಿತು. ಎದ್ದರೆ ಅದಕ್ಕೆ ಎಚ್ಚರವಾಗುತ್ತಿತ್ತು. ಕೂತೇ ಇದ್ದೆ.