ಮ್ಯಾಂಚೆಸ್ಟರ್‌ನಲ್ಲಿ ನಾನು ನೋಡದ ಮ್ಯಾಚು

ಬಾಸ್ಕೆಟ್‌ಬಾಲ್ ಕೋಚ್ ಒಬ್ಬರು ನಮ್ಮ ಮನೆಗೆ ಬರುತ್ತಾರೆಂದು ಗೊತ್ತಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಸೋಫಾದ ಕವರ್ ಬದಲಿಸಿದ್ದು. ಎರಡನೆಯದು, ನಾಟಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿದ್ದ ಗೆಳೆಯನಿಗೆ ಫೋನ್ ಮಾಡಿ, ನನ್ನ ಮಗಳ ನಡತೆ ಚೆನ್ನಾಗಿದೆಯೆಂದು ಒಂದು ಕಾಗದ ಬರೆದುಕೊಡಲು ಕೇಳಿದ್ದು. ಅವನು ಅವಳನ್ನು ನೋಡಿದ್ದು ಎರಡೇ ಸಲ. ಆದರೂ ಚಿಕ್ಕಂದಿನಿಂದ ಬಲ್ಲೆ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದು ಪೋಸ್ಟ್ ಮಾಡಿದ.

ಅವನನ್ನೇಕೆ ಬೈಯಲಿ, ಬುದ್ಧಿ ಕೆಟ್ಟಿದ್ದು ನನಗೆ. ಕೋಚ್ ಫೋನಿನಲ್ಲಿ ಹೇಳಿದ್ದು ಇಷ್ಟೇ: ನಿಮ್ಮ ಮಗಳನ್ನು ಮ್ಯಾಂಚೆಸ್ಟರ್ ಟೂರ್ನಮೆಂಟಿನಲ್ಲಿ ನೋಡಿದೆ, ಹುಡುಗಿಯ ಕ್ಯಾರೆಕ್ಟರ್ ಮತ್ತು ಮನೆಯವರ ಸಪೋರ್ಟ್ ಗೊತ್ತಾಗದೆ ನಾನು ಯಾರನ್ನೂ ತಂಡಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಒಮ್ಮೆ ಬಂದು ಹೋಗುತ್ತೇನೆ. ನಮ್ಮ ಕಡೆ ಕ್ಯಾರೆಕ್ಟರ್ ಎಂದರೆ ಸರ್ಟಿಫಿಕೇಟು. ಟಿ.ಸಿ. ಕೊಡುವಾಗ ಹೆಡ್‌ಮಾಸ್ಟರು 'ನಡತೆ: ತೃಪ್ತಿಕರ' ಎಂದು ಗೀಚಿ ಸೀಲು ಒತ್ತಿದರೆ ಮುಗಿಯಿತು. ಬರ್ಮಿಂಗ್‌ಹ್ಯಾಮಿಗೆ ಬಂದು ಹದಿನೇಳು ವರ್ಷವಾದರೂ ನನ್ನ ತಲೆಯಲ್ಲಿ ಆ ಹೆಡ್‌ಮಾಸ್ಟರೇ ಕೂತಿದ್ದರು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಕೂದಲೆಳೆಯಷ್ಟು ಅಳತೆ ತಪ್ಪಿದ ತುಂಡನ್ನು ಕೆಂಪು ಡಬ್ಬಕ್ಕೆ ಹಾಕುವುದು ನನ್ನ ಕೆಲಸ. ಸೋಮವಾರದಿಂದ ಶುಕ್ರವಾರ, ವಾರಾಂತ್ಯ ರಜೆ. ಹೆಂಡತಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಅವಳ ವಾರಾಂತ್ಯಗಳೆಲ್ಲ ರೋಟಾದ, ಅಂದರೆ ಪಾಳಿ ಪಟ್ಟಿಯ, ಕೈಯಲ್ಲಿ. ಒಬ್ಬಳೇ ಮಗಳು, ಹದಿನೈದು ದಾಟಿದ್ದಳು, ಎತ್ತರದಲ್ಲಿ ನನ್ನನ್ನೂ ದಾಟಿದ್ದಳು. ಬಾಸ್ಕೆಟ್‌ಬಾಲ್ ಬಗ್ಗೆ ನನಗಿದ್ದ ಅಭಿಪ್ರಾಯ ಇಷ್ಟೇ: ಚಡ್ಡಿ ಹಾಕಿಕೊಂಡು ಆಡುವ, ಪರೀಕ್ಷೆಗೆ ಬಾರದ ವಿಷಯ.

ಆದರೆ ಈ ಕೋಚ್ ಇದ್ದ ಕಾಲೇಜಿನ ಮೇಲೆ ನನಗೆ ಕಣ್ಣಿತ್ತು. ಹದಿನಾರು ತುಂಬಿದವರು ಎರಡು ವರ್ಷ ಓದುವ ಕಾಲೇಜು, ನಮ್ಮ ಪಿಯುಸಿ ಎಂದುಕೊಳ್ಳಿ. ರಿಸಲ್ಟಿಗೆ ಹೆಸರುವಾಸಿ. ಅಲ್ಲಿಂದ ಮೆಡಿಕಲ್‌ಗೆ ಹೋದವರ ಕಥೆಗಳನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಮನೆಯ ವಿಳಾಸ ನೋಡಿ ಸೀಟು ಕೊಡುವುದರಿಂದ ನಮ್ಮ ಪೋಸ್ಟ್‌ಕೋಡಿನವರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ; ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದವರನ್ನು ಮಾತ್ರ ಪೋಸ್ಟ್‌ಕೋಡ್ ಕೇಳುತ್ತಿರಲಿಲ್ಲ. ಅದು ತಿಳಿದ ದಿನದಿಂದ ನನಗೂ ಆ ಚೆಂಡಿನ ಮೇಲೆ ಪ್ರೀತಿ ಹುಟ್ಟಿತು. ಮಗಳಿಗೆ ಬೇಕಿದ್ದದ್ದು ತಂಡ, ನನಗೆ ಬೇಕಿದ್ದದ್ದು ಕಾಲೇಜು. ಆ ಜಾಗಕ್ಕಾಗಿ ಅವಳು ಎರಡು ವರ್ಷದಿಂದ ಬೆಳಗ್ಗೆ ಎದ್ದು ಓಡುತ್ತಿದ್ದಳು. ನಾನು ಒಂದು ವಾರ ಸೋಫಾ ಕವರ್ ಹುಡುಕಿದೆ.

ಅವಳ ಮ್ಯಾಚುಗಳೆಲ್ಲ ಭಾನುವಾರ. ರೋಟಾ ಬಿಟ್ಟಾಗಲೆಲ್ಲ ಹೆಂಡತಿ ಹೋಗುತ್ತಿದ್ದಳು. ನಾನು ಒಂದಕ್ಕೂ ಹೋಗಿರಲಿಲ್ಲ. ಭಾನುವಾರ ನಾನು ಹತ್ತಿರದ ಟಿವಿಡೇಲ್‌ನ ದೇವಸ್ಥಾನದಲ್ಲಿ ಇರುತ್ತಿದ್ದೆ. ಊಟದ ಹಾಲಿನಲ್ಲಿ ಸೌಟು ಹಿಡಿದು ಸಾಲಾಗಿ ಬಂದ ಎಲ್ಲರ ಮಕ್ಕಳಿಗೂ ಪುಳಿಯೋಗರೆ ಬಡಿಸಿ, ಇನ್ನೊಂದು ಸ್ವಲ್ಪ ಹಾಕಿಸ್ಕೋ ಪುಟ್ಟ ಎಂದು ಒತ್ತಾಯ ಮಾಡುತ್ತಿದ್ದೆ. ಇವರಂಥ ಸೇವಾಭಾವದವರು ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳುವುದಕ್ಕೇ ನಾನು ಹೋಗುತ್ತಿದ್ದೆನೇನೋ. ಒಂದು ಭಾನುವಾರ ನಾನು ತಪ್ಪಿಸಿದ್ದರೆ ಆ ಸೌಟು ಹಿಡಿಯಲು ಹತ್ತು ಜನ ಇದ್ದರು.

ಕೋಚ್ ಬರುವ ಶನಿವಾರ ಹೆಂಡತಿ ಉಪ್ಪಿಟ್ಟು, ಕೇಸರಿಬಾತು ಮಾಡಿದಳು. ಮಾಡಿಸಿದ್ದು ನಾನು. ಮಗಳಿಗೆ ಚೂಡಿದಾರ ಹಾಕಿಕೋ ಎಂದೆ, ಅವಳು ಕೇಳಲಿಲ್ಲ. ಟ್ರೋಫಿಗಳನ್ನು ಅವಳ ರೂಮಿನಿಂದ ತಂದು ಟಿವಿಯ ಪಕ್ಕ ಜೋಡಿಸಿದೆ.

"ಏನ್ರೀ ಇದು, ಹೆಣ್ಣು ನೋಡೋಕೆ ಬರ್ತಿದಾರಾ?" ಎಂದಳು ಹೆಂಡತಿ.

ನಗಲಿಲ್ಲ ನಾನು. ನನ್ನ ಪಾಲಿಗೆ ಅದು ಅದೇ ಆಗಿತ್ತು. ಹೆಣ್ಣು ತೋರಿಸುವಾಗ ನಾಲ್ಕು ಮಾತು ಹೆಚ್ಚಿಗೆ ಹೇಳುವುದು ಯಾರ ಮನೆಯಲ್ಲಿ ಇಲ್ಲ? ಹಾಡು ಬಾರದವಳಿಗೂ ಹಾಡು ಬರುತ್ತದೆ ಅನ್ನುತ್ತಾರೆ. ಒಪ್ಪಿಸುವವರೆಗೆ ಅದು ಸುಳ್ಳಲ್ಲ ಎಂದೇ ನಾವು ಬೆಳೆದಿದ್ದು.

ಕೋಚ್ ಐವತ್ತು ದಾಟಿದ ಹೆಂಗಸು, ಲೀಡ್ಸ್ ಕಡೆಯವರು, ಕತ್ತರಿಸಿದ ನರೆಗೂದಲು, ಕಾಲಿಗೆ ಟ್ರೇನರ್ಸ್ ಶೂ. ಬಾಗಿಲಲ್ಲೇ ನಮ್ಮ ಚಪ್ಪಲಿಗಳನ್ನು ನೋಡಿ ತಾವೂ ಶೂ ಬಿಚ್ಚಿಟ್ಟರು. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡರು. ನಾನು ಗೆಳೆಯನ ಕಾಗದ ಕೊಟ್ಟೆ. ಅವರು ಅದನ್ನು ಪೂರ್ತಿ ಓದಿ, ಮಡಿಸಿ, ನನಗೇ ವಾಪಸ್ ಕೊಟ್ಟರು. ಆಮೇಲೆ ಮಗಳ ಕಡೆ ತಿರುಗಿ, ಸೋತ ದಿನ ಮನೆಗೆ ಬಂದು ಏನು ಮಾಡುತ್ತೀಯ, ತಂಡದಲ್ಲಿ ನಿನಗೆ ಆಗದವರು ಯಾರಾದರೂ ಇದ್ದಾರಾ ಎಂದೆಲ್ಲ ಕೇಳಿದರು. ಅವಳು ನೆಲ ನೋಡುತ್ತಾ, ಆದರೆ ನೇರವಾಗಿ, ಉತ್ತರ ಹೇಳಿದಳು. ಆಗದವರು ಒಬ್ಬರಿದ್ದಾರೆ ಎಂದೂ ಹೇಳಿದಳು. ಇವಳು ಕೆಲಸ ಕೆಡಿಸುತ್ತಾಳೆ ಎಂದುಕೊಂಡೆ.

ಕೋಚ್ ನಮ್ಮಿಬ್ಬರ ಕಡೆ ನೋಡಿ, ಮ್ಯಾಚುಗಳಿಗೆ ಯಾರು ಬರುತ್ತೀರಿ ಎಂದರು. ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಒಂದು ಮ್ಯಾಚೂ ತಪ್ಪಿಸಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನೀವು ಮ್ಯಾಂಚೆಸ್ಟರ್‌ನಲ್ಲಿ ನೋಡಿದಿರಲ್ಲ, ನಾನೂ ಅಲ್ಲೇ ಇದ್ದೆ ಎಂದೆ. ಕೊನೆಯ ನಿಮಿಷ, ನಮ್ಮವರು ಎರಡು ಪಾಯಿಂಟ್ ಹಿಂದೆ, ಚೆಂಡು ಇವಳ ಕೈಗೆ ಬಂತು, ದೂರದಿಂದಲೇ ಎಸೆದಳು, ಸೀದಾ ಬಾಸ್ಕೆಟ್ಟಿಗೆ. ಸೋಫಾದಿಂದ ಎದ್ದು ನಿಂತು ಕೈ ಎತ್ತಿ ತೋರಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು ಎಂದೂ ಸೇರಿಸಿದೆ. ಇದೆಲ್ಲ ಟಿವಿಯಲ್ಲಿ ಎಂದೋ ನೋಡಿದ್ದು. ಆ ಭಾನುವಾರ ಸಂಜೆ ಅವಳು ಮನೆಗೆ ಬಂದಾಗ ಗೆದ್ರಾ ಎಂದು ಕೇಳಿದ್ದೆ, ಗೆದ್ವಿ ಎಂದಿದ್ದಳು. ನನ್ನ ಕೈಯಲ್ಲಿದ್ದ ಮಾಹಿತಿ ಅದೊಂದೇ.

ಹೆಂಡತಿ ಕೇಸರಿಬಾತಿನ ತಟ್ಟೆಯನ್ನೇ ನೋಡುತ್ತಿದ್ದಳು. ಕೋಚ್ ನನ್ನನ್ನು ಏನೂ ಕೇಳಲಿಲ್ಲ. ಮಗಳನ್ನು ಕೇಳಿದರು, ನಿನಗೂ ಹಾಗೇ ನೆನಪಿದೆಯಾ ಎಂದು.

ಅವಳು ನನ್ನ ಕಡೆ ನೋಡದೆ, ಅಪ್ಪ ಅದನ್ನು ಬೇರೆ ಯಾವುದೋ ಮ್ಯಾಚಿನ ಜೊತೆ ಸೇರಿಸಿಬಿಟ್ಟಿದ್ದಾರೆ ಎಂದಳು. ಕತ್ತಿನವರೆಗೂ ಕೆಂಪಾಗಿದ್ದಳು.

ಕೋಚ್ ಹೊರಟಾಗ ಕಾರಿನವರೆಗೆ ಬಿಡಲು ಹೋದೆ. ಕೈಯಲ್ಲಿ ಕೇಸರಿಬಾತಿನ ಡಬ್ಬಿ, ಅವರಿಗೆ ಕೊಡಲು. ಕೋಚ್ ಕಾರಿನ ಬಾಗಿಲು ತೆರೆದು, ಹಾಗೇ ನಿಂತು, ಮೆಲ್ಲಗೆ ಹೇಳಿದರು.

"ಆ ದಿನ ನಿಮ್ಮ ಮಗಳು ಆಡಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲಿದ್ದಳು. ನಾನು ಬೇರೆ ಹುಡುಗಿಯನ್ನು ನೋಡಲು ಹೋದವಳು ಕೊನೆಗೆ ಇವಳನ್ನೇ ನೋಡುತ್ತಾ ಕೂತೆ."

ಕುಂಟುತ್ತಲೇ ಎಲ್ಲರಿಗೂ ನೀರು ಕೊಡುತ್ತಿದ್ದಳಂತೆ. ತಪ್ಪು ಮಾಡಿ ಅಳುತ್ತಾ ಹೊರಬಂದ ಹುಡುಗಿಯ ಪಕ್ಕ ಕೂತು ಅವಳನ್ನು ನಗಿಸಿದಳಂತೆ. ತನ್ನ ಜಾಗದಲ್ಲಿ ಆಡಿದವಳು ಬಾಸ್ಕೆಟ್ ಹಾಕಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಇವಳೇ. ಅವಳ ಆಟವನ್ನು ಕೋಚ್ ಆಮೇಲೆ ಶಾಲೆಗೆ ಹೋಗಿ ನೋಡಿದರಂತೆ. ಇಷ್ಟನ್ನೂ ಕೋಪವಿಲ್ಲದೆ ಹೇಳಿ, ಡಬ್ಬಿಗೆ ಥ್ಯಾಂಕ್ಸ್ ಹೇಳಿ, ಹೊರಟುಹೋದರು. ಕ್ಷಮೆ ಕೇಳುವ ಬದಲು ನಾನು ಕಾರಿಗೆ ಕೈ ಬೀಸಿದೆ.

ಒಳಗೆ ಬಂದವನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮಗಳ ಮೇಲೆ ರೇಗಿದೆ. ಆಡಲಿಲ್ಲ ಅಂತ ಯಾಕೆ ಹೇಳಲಿಲ್ಲ, ನನ್ನ ಮಾನ ಹೋಯಿತು ಎಂದು ಕೂಗಾಡಿದೆ. ಅವಳು ಟ್ರೋಫಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು. ನಮ್ಮ ಜೊತೆ ಇಂಗ್ಲಿಷೇ ಮಾತಾಡುವವಳು ಅಂದು ಕನ್ನಡದಲ್ಲಿ ಹೇಳಿದಳು.

"ಗೆದ್ರಾ ಅಂತ ಕೇಳ್ದೆ. ಗೆದ್ವಿ ಅಂದೆ. ನೀನು ಮತ್ತೇನೂ ಕೇಳ್ಲಿಲ್ಲಪ್ಪ."

ಆ ಸಂಜೆ ಅವಳ ಪಟ್ಟಿ ಕಟ್ಟಿದ ಕಾಲು ನನ್ನ ಎದುರಿಗೇ ಸ್ಟೂಲಿನ ಮೇಲಿತ್ತು ಎಂದು ಹೆಂಡತಿ ಆಮೇಲೆ ನೆನಪಿಸಿದಳು. ಐಸ್ ಇಟ್ಟವಳು ಹೆಂಡತಿಯೇ. ನಾನು ಅದೇ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣಿಗೆ ಅಷ್ಟು ದೊಡ್ಡ ಪಟ್ಟಿ ಕಾಣಲಿಲ್ಲ.

ಮೂರು ವಾರ ಕಾದೆವು. ಅವಳ ಜಾಗ ನನ್ನ ಬಾಯಿಂದಲೇ ಹೋಯಿತು ಎಂದು ನನಗೆ ಖಚಿತವಾಗಿತ್ತು. ಪೋಸ್ಟ್ ಬೀಳುವ ಸದ್ದಾದಾಗ ಮಗಳು ಮೆಟ್ಟಿಲ ಮೇಲೆ ನಿಂತುಬಿಡುತ್ತಿದ್ದಳು, ಕೆಳಗೆ ಇಳಿಯುತ್ತಿರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕಾಗದ ಬಂತು. ಜಾಗ ಸಿಕ್ಕಿತ್ತು. ಅವಳು ಅಮ್ಮನನ್ನು ತಬ್ಬಿಕೊಂಡಳು. ನನ್ನನ್ನೂ ತಬ್ಬಿಕೊಂಡಳು, ಅದೇ ನನಗೆ ಹೆಚ್ಚು ಕಷ್ಟವಾಯಿತು. ನನ್ನ ಸುಳ್ಳನ್ನು ಕೋಚ್ ದೊಡ್ಡ ಮನಸ್ಸು ಮಾಡಿ ಬಿಟ್ಟರು ಎಂದುಕೊಂಡೆ. ನಾಚಿಕೆ ಇದ್ದರೂ ಸ್ವಲ್ಪ ನಿರಾಳವಾಯಿತು, ಸುಳ್ಳು ಹೇಳುವುದಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಕಾಲೇಜಿನ ಜಿಮ್ಮಿನಲ್ಲಿ ಅವಳ ಮೊದಲ ಮ್ಯಾಚು. ದೇವಸ್ಥಾನಕ್ಕೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಯಾರೂ ಯಾಕೆಂದು ಕೇಳಲಿಲ್ಲ. ಹೆಂಡತಿಯ ಜೊತೆ ಬೆಂಚಿನಲ್ಲಿ ಕೂತಿದ್ದೆ. ಕೋಚ್ ನಮ್ಮನ್ನು ನೋಡಿ ಹತ್ತಿರ ಬಂದರು. ಇವತ್ತಾದರೂ ಕ್ಷಮೆ ಕೇಳೋಣವೆಂದು ಎದ್ದೆ. ಅವರೇ ಮೊದಲು ಮಾತಾಡಿದರು.

ನಮ್ಮ ಮನೆಗೆ ಬಂದುಹೋದ ಮೂರನೇ ದಿನ ಮಗಳಿಂದ ಅವರಿಗೊಂದು ಕಾಗದ ಬಂದಿತ್ತಂತೆ. ಅಪ್ಪ ಹೇಳಿದ್ದು ನಿಜವಲ್ಲ, ಅದನ್ನು ಮುಚ್ಚಿಹಾಕಲು ನಾನು ಹೇಳಿದ್ದೂ ನಿಜವಲ್ಲ, ಅದಕ್ಕಾಗಿ ನನ್ನನ್ನು ಬಿಟ್ಟರೂ ಸರಿ ಎಂದು ಬರೆದಿದ್ದಳಂತೆ. ಆ ಕಾಗದ ಓದಿದ ದಿನವೇ ಜಾಗ ಅವಳಿಗೆ ಎಂದು ತೀರ್ಮಾನ ಮಾಡಿದೆ ಎಂದರು. ಆಮೇಲೆ ನನ್ನ ತೋಳು ಮುಟ್ಟಿ ಹೇಳಿದರು.

"ಅಪ್ಪನಿಗೆ ಭಾನುವಾರವೂ ಫ್ಯಾಕ್ಟರಿ, ರಜೆ ಕೊಡುವುದಿಲ್ಲ, ಬರಲಾಗದ ಸಂಕಟಕ್ಕೆ ಹಾಗೆ ಹೇಳಿದರು ಅಂತ ಬರೆದಿದ್ದಳು. ನಾನು ನಿಮ್ಮನ್ನು ತಪ್ಪು ತಿಳಿದಿದ್ದೆ. ಇವತ್ತು ರಜೆ ಸಿಕ್ಕಿತಲ್ಲ, ಒಳ್ಳೆಯದಾಯಿತು."

ನನ್ನ ಫ್ಯಾಕ್ಟರಿಗೆ ಭಾನುವಾರ ಬೀಗ. ಅದು ಮಗಳಿಗೆ ಚೆನ್ನಾಗಿ ಗೊತ್ತು. ನಿಜ ಹೇಳಲು ಕೂತಾಗಲೂ ಅವಳು ಒಂದು ಸುಳ್ಳನ್ನು ಉಳಿಸಿಕೊಂಡಿದ್ದಳು, ನನಗೋಸ್ಕರ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ನಾನು ಈಗ ಸತ್ಯ ಹೇಳಿದರೆ ಸುಳ್ಳಿಯಾಗುವವಳು ಅವಳು.

ಕೋರ್ಟಿನ ಆ ಬದಿಯಲ್ಲಿ ಅವಳು ಚೆಂಡು ಹಿಡಿದು, ಎಸೆಯದೆ, ನಮ್ಮಿಬ್ಬರನ್ನೇ ನೋಡುತ್ತಿದ್ದಳು.

"ಹೌದು, ರೋಟಾ ಬದಲಾಯ್ತು," ಎಂದೆ ಕೋಚ್‌ಗೆ.

ಅವರು ನಕ್ಕು ತಂಡದ ಕಡೆ ಹೋದರು. ನಾನು ಕೂತೆ. ಮಗಳು ಬೆನ್ನು ತಿರುಗಿಸಿ ಓಡಿದಾಗ ಜೆರ್ಸಿಯ ಮೇಲೆ ಹದಿನಾಲ್ಕು ಎಂದಿತ್ತು. ಹೊಸ ನಂಬರಾ ಎಂದು ಹೆಂಡತಿಯನ್ನು ಕೇಳಿದೆ. ಅಲ್ಲ, ಶಾಲೆಯಲ್ಲೂ ಮೊದಲಿನಿಂದ ಅದೇ ಎಂದಳು.